ದೇವರಿಗೊಂದು ಟವೆಲ್

ಬಸ್ಸಿನ ಕಿಟಕಿಯೊಳಗೆ ಟವೆಲ್ ಬೀಸಿ ಒಗೆದು ಸೀಟು ಹಿಡಿಯುವುದರಲ್ಲಿ ಆಳಂದದ ಅಣ್ಣಾರಾಯನನ್ನು ಮೀರಿಸುವ ಗಂಡು ಇನ್ನೂ ಹುಟ್ಟಿಲ್ಲ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಗುಮಾಸ್ತನಾಗಿ ದಿನಾಲು ಹೋಗಿಬಂದು ಮಾಡುತ್ತ ಅವನು ಈ ವಿದ್ಯೆಯನ್ನು ಸಾಧಿಸಿದ್ದ. ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಿರುತ್ತಾರೆ, ಅಣ್ಣಾರಾಯ ಮಾತ್ರ ಬಸ್ಸಿನ ಪಕ್ಕದಲ್ಲಿ ಸಮಾಧಾನವಾಗಿ ನಡೆಯುತ್ತ, ಹೆಗಲ ಮೇಲಿನ ಟವೆಲ್ಲನ್ನು ಎರಡು ಮಡಿಕೆ ಮಾಡಿ ಕಿಟಕಿಯ ಸಂದಿಯಿಂದ ಒಗೆದನೆಂದರೆ ಅದು ಹೋಗಿ ಸೀಟಿನ ಮೇಲೆ ಹಾಸಿದಂತೆ ಬೀಳಬೇಕು. ಆಮೇಲೆ ಎಲ್ಲರೂ ಹತ್ತಿ ಮುಗಿಸಿದ ಮೇಲೆ ಇವನು ಹತ್ತಿ, ತನ್ನ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು ಕೂಡುತ್ತಿದ್ದ. ಟವೆಲ್ ಬಿದ್ದ ಸೀಟನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ನಮ್ಮ ಕಡೆ ಇದು ಎಲ್ಲೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ಕಾನೂನು.

ಅಣ್ಣಾರಾಯ ಹುಟ್ಟು ಕ್ರೈಸ್ತ. ಮುತ್ತಜ್ಜನ ಕಾಲದಿಂದ ಆ ಮನೆತನದವರು ಐತವಾರ ಚರ್ಚು ತಪ್ಪಿಸಿದವರಲ್ಲ, ಇವನೂ ತಪ್ಪಿಸುತ್ತಿರಲಿಲ್ಲ. ಆದರೆ ಚರ್ಚಿಗೆ ಹೋಗುತ್ತಿದ್ದದ್ದು ಅವನ ದೇಹ, ಇಸ್ತ್ರಿ ಮಾಡಿದ ಅಂಗಿ ಮತ್ತು ಮೊಬೈಲು, ಇಷ್ಟೇ. ಮನಸ್ಸು ಊರೂರು ತಿರುಗುತ್ತಿತ್ತು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಅಣ್ಣಾರಾಯ ಹಾಡಿನ ಪುಸ್ತಕದ ಮರೆಯಲ್ಲಿ ಕ್ರಿಕೆಟ್ ಸ್ಕೋರು ನೋಡುತ್ತಿದ್ದ. ವಿಕೆಟ್ ಬಿದ್ದಾಗ ಅವನು ಬಿಡುವ ನಿಟ್ಟುಸಿರನ್ನು ಹಿಂದಿನ ಬೆಂಚಿನ ಮುದುಕಿಯರು ಪಶ್ಚಾತ್ತಾಪವೆಂದು ತಿಳಿದು, ಇವನಂಥ ಭಕ್ತ ಸಭೆಯಲ್ಲಿ ಇನ್ನೊಬ್ಬನಿಲ್ಲ ಎಂದುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಐತವಾರ ಪಾಸ್ಟರ್ ಪ್ರಭುದಾಸರು ಪ್ರಸಂಗಕ್ಕೆ ಎದ್ದು ನಿಂತರು. ಜನಕ್ಕೆ ತಿಳಿಯುವ ಹಾಗೆ ದೃಷ್ಟಾಂತ ಕೊಟ್ಟು ಹೇಳುವುದು ಅವರ ಪದ್ಧತಿ.

"ಬಸ್ಸಿನಾಗ ಟವೆಲ್ ಒಗೆದು ಸೀಟ ಹಿಡಿತೀರಿ," ಎಂದರು ಪಾಸ್ಟರು. ಇಡೀ ಸಭೆ ತಿರುಗಿ ಅಣ್ಣಾರಾಯನನ್ನು ನೋಡಿತು. ಅವನು ಗಾಬರಿಯಾಗಿ ಮೊಬೈಲನ್ನು ತೊಡೆಯ ಕೆಳಗೆ ಸರಿಸಿದ. "ಹೆಂಡ್ತಿಗಿ ಹಿಡಿತೀರಿ, ಮಕ್ಕಳಿಗಿ ಹಿಡಿತೀರಿ, ಪಾವ್ಣ್ಯಾರಿಗಿ ಹಿಡಿತೀರಿ. ಎಂದಾದ್ರೂ ದೇವರಿಗಿ ಅಂತ ಒಂದು ಜಾಗಾ ಹಿಡದೀರೇನು? ಮೊದಲನೇ ಜಾಗಾ ಅವನದು. ಸಾಕ್ಷಾತ್ ಬೀಗರು ಬಂದು ಮುಂದ ನಿಂತ್ರೂ ಆ ಜಾಗಾ ಬಿಟ್ಟುಕೊಡಬ್ಯಾಡ್ರಿ. ಮತ್ತ, ಕೊಟ್ಟೇನಿ ಅಂತ ಊರತುಂಬ ಡಂಗುರಾನೂ ಹೊಡಿಬ್ಯಾಡ್ರಿ. ಅದು ನಿಮ್ಮ ಮತ್ತ ದೇವರ ನಡುವಿನ ಮಾತು."

ದೃಷ್ಟಾಂತ ಹೇಳುವವರು ಎದುರಿಗೆ ಯಾರು ಕೂತಿದ್ದಾರೆ ಎಂದು ಒಮ್ಮೆ ನೋಡಿ ಹೇಳುವುದು ಒಳ್ಳೆಯದು. ಉಳಿದವರೆಲ್ಲ ಆ ಮಾತಿಗೆ ತಲೆಯಾಡಿಸಿ, ಮಟನ್ ಅಂಗಡಿಯ ಪಾಳಿಯಲ್ಲಿ ನಿಲ್ಲುವಷ್ಟರಲ್ಲಿ ಅದನ್ನು ಮರೆತರು. ಅಣ್ಣಾರಾಯ ಮರೆಯಲಿಲ್ಲ. ಅವನು ದಡ್ಡನಲ್ಲ, ಆದರೆ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಮನುಷ್ಯ. ಪಾಸ್ಟರು ತನ್ನನ್ನೇ ನೋಡಿ, ತನಗೇ ತಿಳಿಯುವ ಭಾಷೆಯಲ್ಲಿ ಹೇಳಿದ್ದಾರೆ ಎಂದು ಅವನಿಗೆ ಅಳುವೇ ಬಂದಂತಾಯಿತು. ಅವತ್ತೇ ಮನಸ್ಸಿನಲ್ಲಿ ಹರಕೆ ಹೊತ್ತ. ಇನ್ನು ಮುಂದೆ ತಾನು ಹಿಡಿಯುವ ಮೊದಲ ಸೀಟು ದೇವರದು, ಬಸ್ಸಿನಲ್ಲಾದರೂ ಸರಿ, ಮನೆಯಲ್ಲಾದರೂ ಸರಿ. ಇದನ್ನು ಒಂದು ನರಪಿಳ್ಳೆಗೂ ಹೇಳುವುದಿಲ್ಲ.

ಸೋಮವಾರದಿಂದಲೇ ಶುರುವಾಯಿತು. ಅಣ್ಣಾರಾಯ ಎಂದಿನಂತೆ ಟವೆಲ್ ಒಗೆಯುತ್ತಿದ್ದ, ಸೀಟು ಹಿಡಿಯುತ್ತಿದ್ದ, ಆದರೆ ಕೂಡುತ್ತಿರಲಿಲ್ಲ. ಟವೆಲ್ ಹಾಸಿದ ಸೀಟಿನ ಪಕ್ಕದಲ್ಲಿ ಸರಳು ಹಿಡಿದು ಕಲಬುರಗಿಯ ತನಕ ನಿಂತೇ ಹೋಗುತ್ತಿದ್ದ. ದಿನಾಲು ಜೊತೆಗೆ ಬರುವವರು ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಅವರಲ್ಲೊಬ್ಬ ಕಿವಿಯ ಹತ್ತಿರ ಬಂದು, "ಅಣ್ಣಾರಾಯ, ನಾಚ್ಕೋಬ್ಯಾಡ. ಮೂಲವ್ಯಾಧಿ ಎಲ್ಲಾರಿಗೂ ಆಗ್ತದ. ಮೂಲಂಗಿ ರಸಾ ಕುಡಿ," ಎಂದ. ಗುರುವಾರದ ಹೊತ್ತಿಗೆ ಸುದ್ದಿ ಓಣಿಗೆ ಮುಟ್ಟಿತು. ಪಕ್ಕದ ಮನೆಯ ಮುದುಕಿ ಪ್ಯಾರಿಬಿ ಒಂದು ಡಬ್ಬಿಯಲ್ಲಿ ಕರೀ ಮುಲಾಮು ತಂದು ಅಣ್ಣಾರಾಯನ ಹೆಂಡತಿ ಮಹಾನಂದಾಳ ಕೈಗೆ ಕೊಟ್ಟು, "ನಮ್ಮ ಯಜಮಾನರಿಗಿ ಇದೇ ಆರಾಮ ಮಾಡ್ತು, ಅಲ್ಲಾ ಅವರಿಗಿ ಜನ್ನತ ಕೊಡ್ಲಿ," ಎಂದು ಹೋದಳು. ಮಹಾನಂದಾ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಅಣ್ಣಾರಾಯ ಡಬ್ಬಿಯನ್ನು ನೋಡಿದ. ಹರಕೆಯ ಮಾತು ಹೇಳುವಂತಿಲ್ಲವಲ್ಲ, ಥ್ಯಾಂಕ್ಸ್ ಹೇಳಿ ಇಟ್ಟುಕೊಂಡ.

ಇಷ್ಟೇ ಆಗಿದ್ದರೆ ದೇವರಿಗೂ ಅಣ್ಣಾರಾಯನಿಗೂ ನಡುವಿನ ವ್ಯವಹಾರ ಹೇಗೋ ನಡೆದುಹೋಗುತ್ತಿತ್ತು. ಆದರೆ ಆ ಶನಿವಾರ ಮಗಳು ಜಸ್ಮೀನಳನ್ನು ನೋಡಲು ಜೇವರ್ಗಿಯಿಂದ ಬೀಗರು ಬರುವವರಿದ್ದರು.

ಜಸ್ಮೀನ ನರ್ಸಿಂಗ್ ಓದಿ ಆಳಂದದ ದವಾಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಹುಡುಗ ಸುನೀಲಕುಮಾರ ಯಡ್ರಾಮಿಯಲ್ಲಿ ಲ್ಯಾಬ್ ಟೆಕ್ನಿಶಿಯನ್. ಚರ್ಚಿನ ಯುವಜನರ ಶಿಬಿರವೊಂದರಲ್ಲಿ ಇಬ್ಬರೂ ಒಂದೇ ಗುಂಪಿನಲ್ಲಿ ಹಾಡಿದ್ದರು. ಇದಕ್ಕೂ ಮೊದಲು ಅಫಜಲಪುರದ ಕಡೆಯಿಂದ ಒಂದು ಸಂಬಂಧ ಬಂದಿತ್ತು, ಜಸ್ಮೀನ ಸಾಫ್ ಬೇಡವೆಂದಿದ್ದಳು. ಈ ಸಲ ಮಾತ್ರ ಯಾರೂ ಹೇಳದೆ ತಾನೇ ಮನೆಯ ಪರದೆಗಳನ್ನೆಲ್ಲ ಬಿಚ್ಚಿ ಒಗೆದು ಹಾಕಿದಳು. ಅದನ್ನು ನೋಡಿ ತಾಯಿಗೆ ಎಲ್ಲ ಅರ್ಥವಾಯಿತು. ತಂದೆಗೆ ಪರದೆ ಸ್ವಚ್ಛವಾಗಿವೆ ಎಂದಷ್ಟೇ ಅರ್ಥವಾಯಿತು.

ಹುಡುಗನ ತಂದೆ ದೌಲತರಾಯರು ನಿವೃತ್ತ ಹವಾಲ್ದಾರರು. ಯಾವುದೋ ಬಂದೋಬಸ್ತಿನಲ್ಲಿ ಬಿದ್ದು ಬಲಗಾಲಿನ ಮೊಣಕಾಲು ಕೆಟ್ಟಿತ್ತು. ಜೇವರ್ಗಿಯಿಂದ ಕಲಬುರಗಿಗೆ ಬಂದು ಅಲ್ಲಿಂದ ಆಳಂದದ ಬಸ್ಸು ಹತ್ತಬೇಕು. ಶನಿವಾರವೆಂದರೆ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕೆ ಮಹಾನಂದಾ ಬೆಳಿಗ್ಗೆಯೇ ಒಗೆದು ಮಡಿಚಿದ ಮೂರು ಟವೆಲ್ಲುಗಳನ್ನು, ಅವರನ್ನು ಕರೆತರಲು ಹೊರಟ ಗಂಡನ ಕೈಗೆ ಕೊಟ್ಟಳು.

"ನೋಡ್ರಿ," ಎಂದಳು, "ಜನ್ಮದಾಗ ನೀವು ಬರೋಬ್ಬರಿ ಕಲ್ತದ್ದು ಇದೊಂದೇ ವಿದ್ಯಾ. ಇವತ್ತ ಅದು ಮನಿಗಿ ಉಪಯೋಗ ಆಗ್ಲಿ. ಬೀಗರು ಕೂತ್ಕೊಂಡೇ ಬರಬೇಕು. ಹುಡುಗಿ ಮನಸ್ಸು ಈ ಮನಿತನದಾಗ ಅದ, ನೆನಪಿರಲಿ."

"ನೆನಪದ," ಎಂದ ಅಣ್ಣಾರಾಯ. ಆಮೇಲೆ ಪಡಸಾಲೆಗೆ ಹೋಗಿ, ಪ್ಯಾರಿಬಿಯ ಮನೆಯಿಂದ ಬೀಗರಿಗೆಂದೇ ಕೇಳಿ ತಂದಿದ್ದ ಕೈಯುಳ್ಳ ದೊಡ್ಡ ಕುರ್ಚಿಯ ಮೇಲೆ ಟ್ರಂಕಿನಿಂದ ತೆಗೆದ ಹೊಸ ಟವೆಲ್ ಹಾಸಿ, "ಇದರ ಮ್ಯಾಲ ಯಾರಿಗೂ ಕೂಡ್ಸಬ್ಯಾಡ. ಬರೋರು ಹಾರ," ಎಂದ.

ಮಹಾನಂದಾ ಪ್ರಾರ್ಥನೆಗೆಂದು ಪಾಸ್ಟರನ್ನೂ ಕರೆದಿದ್ದಳು. ಬರುವವರಿದ್ದಾರೆ ಎಂದದ್ದು ಅವರನ್ನೇ ಎಂದು ತಿಳಿದು, ಗಂಡನಿಗೂ ಇಷ್ಟು ತಿಳುವಳಿಕೆ ಬಂತಲ್ಲ ಎಂದು ಸಂತೋಷಪಟ್ಟಳು.

ಕಲಬುರಗಿಯ ನಿಲ್ದಾಣದಲ್ಲಿ ದೌಲತರಾಯರೂ ಅವರ ಹೆಂಡತಿ ಸುಭದ್ರಾಬಾಯಿಯೂ ಹೇಳಿದ ಹೊತ್ತಿಗೆ ಬಂದಿಳಿದರು. ಹುಡುಗ ಡ್ಯೂಟಿ ಮುಗಿಸಿ ಮೋಟಾರ್ ಸೈಕಲ್ ಮೇಲೆ ನೆಟ್ಟಗೆ ಆಳಂದಕ್ಕೆ ಬರುವವನಿದ್ದ. ಆಳಂದದ ಬಸ್ಸು ಒಳಗೆ ಬಂದಿತು. ಬೀಗರ ಮುಂದೆ ತನ್ನ ಕೈಚಳಕ ತೋರಿಸುವ ಅವಕಾಶ ಸಿಕ್ಕಿತೆಂದು ಅಣ್ಣಾರಾಯ ಅಂಗಿಯ ತೋಳು ಮಡಿಚಿದ. ಮೊದಲ ಟವೆಲ್ ಕಿಟಕಿಯ ಸೀಟಿನ ಮೇಲೆ ಬಿತ್ತು. ಎರಡನೆಯದು ಅದರ ಪಕ್ಕದ ಸೀಟಿನ ಮೇಲೆ ಬಿತ್ತು. ಮೂರನೆಯದನ್ನು ಒಗೆಯುವ ಹೊತ್ತಿಗೆ ಸರಿಯಾಗಿ ಯಾವನೋ ಪುಣ್ಯಾತ್ಮ ಒಳಗಿನಿಂದ ಕಿಟಕಿಯ ಗಾಜು ಎಳೆದ. ಟವೆಲ್ ಗಾಜಿಗೆ ಬಡಿದು ಶೇಂಗಾ ಮಾರುವವಳ ಬುಟ್ಟಿಯಲ್ಲಿ ಬಿತ್ತು.

ಅಣ್ಣಾರಾಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೂರು ಸೀಟು ಸಿಕ್ಕಿದ್ದರೆ ದೇವರಿಗೊಂದು, ಬೀಗರಿಗೆರಡು. ಎಲ್ಲ ಸರಳವಾಗುತ್ತಿತ್ತು. ಈಗ ಸಿಕ್ಕದ್ದು ಎರಡೇ, ಅದರಲ್ಲಿ ಮೊದಲು ಹಿಡಿದದ್ದು ದೇವರದು.

ಒಳಗೆ ಹತ್ತಿದಾಗ ಸುಭದ್ರಾಬಾಯಿ ಹೊರಗಿನ ಸೀಟಿನಲ್ಲಿ ಕೂತರು. ದೌಲತರಾಯರು ಹೆಂಡತಿಯನ್ನು ದಾಟಿ ಕಿಟಕಿಯ ಸೀಟಿನ ಟವೆಲ್ ಎತ್ತಲು ಬಾಗಿದರು. ಅವರ ಕೈಗಿಂತ ಮೊದಲು ಅಣ್ಣಾರಾಯನ ಕೈ ಆ ಟವೆಲ್ಲಿನ ಮೇಲಿತ್ತು.

"ಅದು ಬ್ಯಾಡ್ರಿ," ಎಂದ ಅಣ್ಣಾರಾಯ.

"ಯಾಕ್ರಿ?"

"ಹಿಡದದ್ದು ಅದರಿ. ಬರೋರು ಹಾರ."

"ಯಾರು?"

ಅಣ್ಣಾರಾಯನಿಗೆ ಡಂಗುರದ ಮಾತು ನೆನಪಾಯಿತು. ಬಾಯಿ ಮುಚ್ಚಿಕೊಂಡು ಮೇಲಕ್ಕೆ ನೋಡಿದ. ದೌಲತರಾಯರೂ ಮೇಲಕ್ಕೆ ನೋಡಿದರು. ಅಲ್ಲಿ ನಿಂಬರ್ಗಾಕ್ಕೆ ಹೋಗುವ ಯಾರದೋ ತೊಗರಿಯ ಚೀಲವಿತ್ತು.

"ನೀವು ಕುಂಡ್ರಿ, ನಾ ನಿಲ್ತೇನಿ," ಎಂದು ಸುಭದ್ರಾಬಾಯಿ ಏಳಲು ಹೋದರು.

"ಕೂಡು ನೀ ಸುಮ್ಕ," ಎಂದರು ದೌಲತರಾಯರು. "ಯಾರು ಬರ್ತಾರ, ನಾನೂ ಜರಾ ನೋಡ್ತೇನಿ."

ಬಸ್ಸು ಹೊರಟಿತು. ಸುಭದ್ರಾಬಾಯಿಯ ಪಕ್ಕದಲ್ಲಿ ಒಂದು ಟವೆಲ್ ಕಿಟಕಿಯ ಗಾಳಿ ತೆಗೆದುಕೊಳ್ಳುತ್ತ ಆರಾಮಾಗಿ ಕೂತಿತ್ತು. ಅದರ ಎದುರಿಗೆ ಹುಡುಗನ ತಂದೆ ಒಂದೇ ಕಾಲಿನ ಮೇಲೆ ಭಾರ ಹಾಕಿ, ಸರಳಿಗೆ ಜೋತುಬಿದ್ದು ನಿಂತಿದ್ದರು. ಅವರ ಬೆನ್ನಿಗೆ ಹುಡುಗಿಯ ತಂದೆ ನಿಂತು ಬೆವರುತ್ತಿದ್ದ.

ಆಗ ಕಂಡಕ್ಟರ್ ಶಿವಕಾಂತಾ ಜನರನ್ನು ಸರಿಸುತ್ತ ಬಂದಳು. ತಾಲೂಕಿನ ಅರ್ಧ ಜನಕ್ಕೆ ಅವಳ ಗುರುತು, ಉಳಿದರ್ಧಕ್ಕೆ ಅವಳ ಭಯ.

"ಈ ಸೀಟ್ ಯಾಕ ಖುಲ್ಲಾ ಅದ? ಜನಾ ನಿಂತಾರ ಕಾಣಂಗಿಲ್ಲೇನು?"

"ಬರೋರು ಹಾರ್ರಿ."

"ಎಲ್ಲಿ ಹತ್ತತಾರ?"

ಅಣ್ಣಾರಾಯ ಯೋಚಿಸಿದ. ಸುಳ್ಳು ಹೇಳುವಂತಿಲ್ಲ. "ಎಲ್ಲೆ ಬೇಕಾದ್ರೂ ಹತ್ತಬಹುದ್ರಿ."

"ಹಂಗಾದ್ರ ಅವರ ಟಿಕೇಟ ತಗೋರಿ. ಹೆಣ್ಮಕ್ಕಳಾದ್ರ ಝೀರೋ ಟಿಕೇಟ ಕೊಡ್ತೇನಿ, ಆದ್ರ ಎದುರಿಗಿರಬೇಕು. ಹೆಣ್ಣೋ, ಗಂಡೋ?"

ದೊಡ್ಡ ದೊಡ್ಡ ಪಂಡಿತರು ತಡವರಿಸುವ ಪ್ರಶ್ನೆ ಅದು. ಅಣ್ಣಾರಾಯ ಟವೆಲ್ಲನ್ನು ನೋಡಿದ, ಶಿವಕಾಂತಾಳನ್ನು ನೋಡಿದ. "ಗಂಡಸ ಅಂತ ಬರಕೋರಿ," ಎಂದ.

"ಸೀನಿಯರ್ ಸಿಟಿಜನ್ನಾ?"

"ವಯಸ್ಸು ಭಾಳ ಅದರಿ."

"ಆಧಾರ ಕಾರ್ಡ?"

"ಇರಾಂಗಿಲ್ರಿ."

"ಹಂಗಾದ್ರ ಫುಲ್," ಎಂದು ಟಿಕೆಟ್ ಹರಿದು ಕೊಟ್ಟಳು. ಅಣ್ಣಾರಾಯ ಅದನ್ನು ಭಕ್ತಿಯಿಂದ ಟವೆಲ್ಲಿನ ಮಡಿಕೆಯಲ್ಲಿಟ್ಟ.

ಬರದ ಮನುಷ್ಯನಿಗೆ ಫುಲ್ ಟಿಕೆಟ್ ತೆಗೆದುಕೊಂಡದ್ದನ್ನು ಬಸ್ಸಿನಲ್ಲಿ ಎಲ್ಲರೂ ನೋಡಿದರು. ಅಲ್ಲಿಂದ ಗುಸುಗುಸು ಶುರುವಾಯಿತು. ಹಿಂದಿನ ಸೀಟಿನವನೊಬ್ಬ, "ಚೆಕಿಂಗ್ ಸಾಹೇಬ ಇರಬೇಕು, ಅದಕ್ಕ ಹೆಸರು ಹೇಳವಲ್ಲ," ಎಂದ. ಆ ಮಾತು ಶಿವಕಾಂತಾಳ ಕಿವಿಗೆ ಬಿತ್ತು. ಅವಳು ಮುಂದೆ ಹೋಗಿ ಡ್ರೈವರನ ಕಿವಿಯಲ್ಲಿ ಏನೋ ಹೇಳಿದಳು. ಅಲ್ಲಿಂದ ಮುಂದೆ ಆ ಬಸ್ಸು ನಡೆದುಕೊಂಡ ರೀತಿಯನ್ನು ಆ ರಸ್ತೆಯ ಜನ ಇನ್ನೂ ನೆನೆಸುತ್ತಾರೆ. ಕೈ ತೋರಿಸಿದಲ್ಲೆಲ್ಲ ನಿಂತಿತು. ಕೈ ತೋರಿಸದವರ ಮುಂದೆಯೂ ನಿಂತು, ಬರ್ತೀರೇನು ಎಂದು ಕೇಳಿತು. ಎಮ್ಮೆ ಅಡ್ಡ ಬಂದರೆ ಹಾರ್ನ್ ಹಾಕದೆ ಕಾಯಿತು. ಶಿವಕಾಂತಾ ಎಲ್ಲರನ್ನೂ ಅಣ್ಣಾರ, ಅಕ್ಕಾರ ಎಂದು ಕರೆದು ಚಿಲ್ಲರೆ ಕೊಟ್ಟಳು. ಚಿಲ್ಲರೆ ಸಿಕ್ಕ ಜನ ಹೆದರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

ಜಿಡಗಾ ಮಠಕ್ಕೆ ಹೊರಟಿದ್ದ ಮುದುಕಿಯೊಬ್ಬಳಿಗೆ ಈ ಚೆಕಿಂಗಿನ ಮಾತು ಒಪ್ಪಿಗೆಯಾಗಲಿಲ್ಲ. "ಖುಲ್ಲಾ ಜಾಗಾಕ ಇಷ್ಟು ಮರ್ಯಾದಿ ಕೊಡಬೇಕಂದ್ರ ಯಾರೋ ದೊಡ್ಡ ಮುತ್ಯಾ, ಮಹಾತ್ಮಾ ಇರಬೇಕು," ಎಂದು ಟವೆಲ್ಲಿಗೆ ಕೈಮುಗಿದಳು. ಅಣ್ಣಾರಾಯನಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು.

ಆದರೆ ಅವನ ಕಣ್ಣು ಬೀಗರ ಮೊಣಕಾಲಿನ ಮೇಲಿತ್ತು. ಬಸ್ಸು ನಿಂತಾಗೊಮ್ಮೆ ಆ ಕಾಲು ನಡುಗುತ್ತಿತ್ತು, ಬಸ್ಸು ಪದೇಪದೇ ನಿಲ್ಲುತ್ತಲೇ ಇತ್ತು. ಮನಸ್ಸಿನಲ್ಲೇ ಅವನು ಪ್ರಾರ್ಥಿಸಿದ. "ಅಪ್ಪಾ, ಲಗೂನ ಬಾ. ಇಲ್ಲಾಂದ್ರ ಬರಾಂಗಿಲ್ಲ ಅಂತಾದ್ರೂ ಹೇಳಿ ಕಳಸು." ಮಗಳು ಒಗೆದ ಪರದೆ ಕಣ್ಮುಂದೆ ಬಂತು. ಪಾಸ್ಟರ ಮಾತೂ ಕಿವಿಯಲ್ಲಿತ್ತು, ಸಾಕ್ಷಾತ್ ಬೀಗರು ಬಂದು ನಿಂತರೂ. ಸಾಕ್ಷಾತ್ ಬೀಗರೇ ನಿಂತಿದ್ದರು. ಇಷ್ಟು ಕರಾರುವಾಕ್ಕಾಗಿ ಪರೀಕ್ಷೆ ಬರುತ್ತದೆಂದು ಅವನು ತಿಳಿದಿರಲಿಲ್ಲ.

ದೌಲತರಾಯರು ಅತ್ತ ತನಿಖೆ ಶುರುಮಾಡಿದ್ದರು. ಬರುವವನು ಗಂಡಸು. ವಯಸ್ಸಾದವನು. ದೊಡ್ಡ ಮನುಷ್ಯ. ಹೆಸರು ಹೇಳಲು ಅಣ್ಣಾರಾಯ ಹೆದರುತ್ತಾನೆ. ಬೀಗರಿಗಿಂತ ಮೊದಲು ಅವನಿಗೆ ಜಾಗ. ಕಡಗಂಚಿ ದಾಟುವ ಹೊತ್ತಿಗೆ ಅವರು ಅಪರಾಧವನ್ನು ಪತ್ತೆಹಚ್ಚಿ, ಹೆಂಡತಿಯ ಕಡೆಗೆ ಬಾಗಿ ಹೇಳಿದರು: "ಅಫಜಲಪುರದವರು ಈ ಹುಡುಗಿಗಿ ಕೇಳ್ಯಾರ ಅಂತ ಸುದ್ದಿ ಇತ್ತಲ್ಲ. ಆ ಹುಡುಗನ ಅಪ್ಪನ್ನೂ ಇವತ್ತೇ ಕರಸ್ಯಾನ ಇವ. ಇಬ್ಬರಿಗೂ ಎದುರಾಬದುರಾ ಕೂಡ್ಸಿ ತೂಕಾ ಮಾಡಾಂವ ಹಾನ."

ಅಫಜಲಪುರದ ಸಂಬಂಧದ ಸುದ್ದಿ ಜೇವರ್ಗಿಗೆ ಅರ್ಧವೇ ಮುಟ್ಟಿತ್ತು. ಕೇಳಿದರು ಎಂಬ ಅರ್ಧ ಮುಟ್ಟಿತ್ತು, ಹುಡುಗಿ ಬೇಡವೆಂದಳು ಎಂಬ ಅರ್ಧ ದಾರಿಯಲ್ಲೇ ಉಳಿದಿತ್ತು.

"ಏನೇನರೆ ಅನಬ್ಯಾಡ್ರಿ," ಎಂದರು ಸುಭದ್ರಾಬಾಯಿ. ಆದರೂ ಪಕ್ಕದ ಟವೆಲ್ಲಿನಿಂದ ಒಂದು ಗೇಣು ದೂರ ಸರಿದು ಕೂತರು.

ಆಳಂದ ಬಂತು. ಬರುವವರು ಬರಲಿಲ್ಲ. ಅಣ್ಣಾರಾಯ ಟವೆಲ್ ಮಡಿಚಿ ಹೆಗಲಿಗೆ ಹಾಕಿಕೊಂಡ. ದೌಲತರಾಯರು ಅದನ್ನೂ ಗಮನಿಸಿದರು. ಎಂದರೆ ಅಫಜಲಪುರದವನು ನೆಟ್ಟಗೆ ಮನೆಗೇ ಬರುತ್ತಾನೆ.

ಮನೆಯಲ್ಲಿ ಸುನೀಲಕುಮಾರ ಆಗಲೇ ಬಂದು ಒಂದು ಪ್ಲಾಸ್ಟಿಕ್ ಸ್ಟೂಲಿನ ತುದಿಯಲ್ಲಿ ಕೂತಿದ್ದ. ದೌಲತರಾಯರು ಕುಂಟುತ್ತ ಒಳಗೆ ಬಂದು ಪಡಸಾಲೆಯ ನಡುವೆ ನಿಂತುಬಿಟ್ಟರು. ಎದುರಿಗೆ ಕೈಯುಳ್ಳ ದೊಡ್ಡ ಕುರ್ಚಿ, ಅದರ ಮೇಲೆ ಹೊಸ ಟವೆಲ್.

"ಇದೂ ಹಿಡದದ್ದ ಅದ ಏನ್ರಿ?" ಎಂದು ಕೇಳಿದರು.

"ಹೌದ್ರಿ," ಎಂದ ಅಣ್ಣಾರಾಯ.

"ಬರೋರು ಹಾರ್ರಿ, ಇನ್ನೇನು ಬಂದೇಬಿಡ್ತಾರ," ಎಂದಳು ಮಹಾನಂದಾ ನಗುತ್ತ. ಅವಳ ಮನಸ್ಸಿನಲ್ಲಿ ಇದ್ದದ್ದು ಪಾಸ್ಟರು. "ಅವರು ಬಂದ ಮ್ಯಾಲೇ ಚಾ-ನಾಷ್ಟಾ ಕೊಡ್ತೇವ್ರಿ. ಅವರ ಬಿಟ್ಟು ನಮ್ಮನ್ಯಾಗ ಏನೂ ನಡಿಯಾಂಗಿಲ್ಲ."

ಗಂಡ ಹೆಂಡತಿ ಇಬ್ಬರೂ ಕೂಡಿಯೇ ಮಾಡಿದ್ದಾರೆಂದು ದೌಲತರಾಯರಿಗೆ ಖಾತ್ರಿಯಾಯಿತು. ಮಡಿಚುವ ಕುರ್ಚಿಯ ಮೇಲೆ ಕೆಟ್ಟ ಕಾಲು ಚಾಚಿ ಕೂತು, ಮೀಸೆಯ ಮೇಲೆ ಕೈಯಾಡಿಸಿದರು. ಅಡುಗೆಮನೆಯಲ್ಲಿ ಮಂಡಕ್ಕಿಯ ಸುಸ್ಲಾ ಆರಿತು, ಭಜಿ ಮೆತ್ತಗಾದವು. ಪರದೆಯ ಸಂದಿಯಿಂದ ಜಸ್ಮೀನ ಮೊದಲು ಹುಡುಗನನ್ನು ನೋಡಿದಳು, ಆಮೇಲೆ ಅವನ ಅಪ್ಪನ ಮುಖ ನೋಡಿದಳು, ನೋಡಿ ಅವಳ ಮುಖ ಸಣ್ಣದಾಯಿತು.

ಆ ಹೊತ್ತಿಗೆ ಪ್ಯಾರಿಬಿ ಬಂದಳು. ಬಾಗಿಲಲ್ಲಿ ನಿಂತು ಕುರ್ಚಿ ನೋಡಿ, "ನನ್ನ ಕುರ್ಚಿ ಖಾಲಿ ಇಟ್ಟು ಪಾವ್ಣ್ಯಾರಿಗಿ ಎಲ್ಲೆ ಕೂಡ್ಸೀರಿ? ಹಿಂಗ ನೋಡ್ಲಾಕ ಒಯ್ದೀರೇನು ಅದಕ?" ಎಂದಳು. ಅಣ್ಣಾರಾಯ ಕಣ್ಸನ್ನೆ ಮಾಡಿದ. ಅವಳಿಗೆ ಕಣ್ಣು ಮಂಜು, ಸನ್ನೆ ಕಾಣಲಿಲ್ಲ. "ಕೂಡ್ಲಾಕ ತ್ರಾಸ ಇದ್ದದ್ದು ನಿನಗ, ಅವರಿಗೇನು ಆಗ್ಯಾದ? ಮುಲಾಮು ಹಚ್ಕೊಂಡೀಯೋ ಇಲ್ಲೊ?" ಎಂದು ಕೇಳಿದಳು. ಹುಡುಗಿಯ ತಂದೆಗೆ ಮೂಲವ್ಯಾಧಿ ಇರುವ ಸಂಗತಿಯೂ ಈ ರೀತಿ ಬೀಗರ ಗಮನಕ್ಕೆ ಬಂತು.

ಕೊನೆಗೆ ಪಾಸ್ಟರು ಬಂದರು. ಮಹಾನಂದಾ ದೊಡ್ಡ ಉಸಿರು ಬಿಟ್ಟು, "ಬರ್ರ್ಯಪ್ಪ, ನಿಮ್ಮದೇ ದಾರಿ ನೋಡಾಕತ್ತಿದ್ದಿವಿ, ಕುಂಡ್ರಿ," ಎಂದು ದೊಡ್ಡ ಕುರ್ಚಿ ತೋರಿಸಿದಳು. ಪಾಸ್ಟರು ಎಲ್ಲರಿಗೂ ವಂದನೆ ಹೇಳಿ, ಅಂಗಿ ಸರಿಮಾಡಿಕೊಂಡು ಕೂಡಲು ಬಾಗಿದರು.

"ಅಲ್ಲಿ ಬ್ಯಾಡ್ರಿ," ಎಂದ ಅಣ್ಣಾರಾಯ.

ಪಾಸ್ಟರು ಅರ್ಧ ಬಾಗಿದವರು ಹಾಗೆಯೇ ನಿಂತರು. ಮಹಾನಂದಾಳ ಕೈಯೊಳಗಿನ ತಾಟು ವಾರೆಯಾಗಿ ಎರಡು ಭಜಿ ಕೆಳಗೆ ಬಿದ್ದವು. "ಇವರಿಗೂ ಅಲ್ಲಂದ್ರ ಮತ್ತ್ಯಾರಿಗ್ರಿ?" ಎಂದಳು.

"ನಾ ಹೇಳ್ತೇನಿ ಯಾರಿಗಿ ಅಂತ," ಎಂದು ದೌಲತರಾಯರು ಎದ್ದರು. "ಅಫಜಲಪುರದವರಿಗಿ. ಕಲಬುರಗಿಯಿಂದ ನನಗ ಒಂಟಿಗಾಲಿನ ಮ್ಯಾಲ ನಿಂದ್ರಿಸಿ ಅವರಿಗಿ ಕಿಟಕಿ ಸೀಟ ಹಿಡದಿ, ಫುಲ್ ಟಿಕೇಟ ತಗೊಂಡಿ, ಮನ್ಯಾಗ ಸಿಂಹಾಸನ ಹಾಕ್ದಿ. ಪಾಸ್ಟರಿಗೂ ಕೂಡಗೊಡವಲ್ಲಿ. ಆಗ್ಲಿ, ಅವರಿಗೇ ಕೊಡು ನಿನ್ನ ಮಗಳನ್ನ. ನಡಿಯೋ ಸುನೀಲ, ಬಾ ಬೇ ಸುಭದ್ರಾ." ಎಂದವರೇ ಹೊಸ್ತಿಲಿಗೆ ಹೋಗಿ ಚಪ್ಪಲಿ ಹುಡುಕತೊಡಗಿದರು. ಸುನೀಲಕುಮಾರ ಎದ್ದು ನಿಂತ, ಆದರೆ ಕಾಲು ಕಿತ್ತಿಡಲಿಲ್ಲ. ಪರದೆ ಅಲುಗಾಡಿತು.

ಅಣ್ಣಾರಾಯ ಪರದೆಯನ್ನು ನೋಡಿದ. ಅದು ಎಷ್ಟು ಸ್ವಚ್ಛವಾಗಿದೆ, ಏಕೆ ಸ್ವಚ್ಛವಾಗಿದೆ ಎಂಬುದು ಅವನಿಗೆ ಆಗ ಪೂರ್ತಿ ಅರ್ಥವಾಯಿತು. ಹರಕೆ ಬಾಯಿಂದ ತಾನಾಗಿಯೇ ಹೊರಬಿತ್ತು.

"ಅಫಜಲಪುರದವರು ಯಾರೂ ಬರಾಂಗಿಲ್ರಿ. ಅವರಿಗಿ ಎಂದೋ ಬ್ಯಾಡ ಅಂದೇವಿ. ಆ ಸೀಟ ದೇವರದ್ರಿ. ಈ ಕುರ್ಚಿನೂ ದೇವರದೇ. ಮೊದಲನೇ ಜಾಗಾ ಅವನಿಗೇ ಹಿಡಿಬೇಕು, ಬೀಗರು ಬಂದು ನಿಂತ್ರೂ ಬಿಡಬಾರದು ಅಂತ ಹೋದ ಐತವಾರ ಇವರೇ ಹೇಳ್ಯಾರ್ರಿ."

ಎಲ್ಲರೂ ಪಾಸ್ಟರನ್ನು ನೋಡಿದರು. ಪಾಸ್ಟರು ಮಾಳಿಗೆಯನ್ನು ನೋಡಿದರು.

"ಖರೆ ಹಂಗ ಹೇಳಿದ್ರೇನ್ರಿ?" ಎಂದು ದೌಲತರಾಯರು ಹವಾಲ್ದಾರರ ದನಿಯಲ್ಲಿ ಕೇಳಿದರು.

"ಹೇಳಿದ್ದೆ," ಎಂದರು ಪಾಸ್ಟರು. "ಬಾಳಿನ್ಯಾಗ ಅಂತ ಹೇಳಿದ್ದೆ. ಬಸ್ಸು ಸುಮ್ಕ ಹಂಗ ದೃಷ್ಟಾಂತಕ್ಕ ಬಂದಿತ್ತು."

"ನಿಮ್ಮ ದೃಷ್ಟಾಂತ ನನ್ನ ಮೊಣಕಾಲಿಗಿ ಬಂದದ ನೋಡ್ರಿ," ಎಂದರು ದೌಲತರಾಯರು. ಒಂದು ಚಪ್ಪಲಿ ಕಾಲಿನಲ್ಲಿತ್ತು, ಇನ್ನೊಂದು ಕೈಯಲ್ಲಿತ್ತು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ಯಾರ ಮೇಲೆ ಮಾಡಬೇಕೆಂದು ತಿಳಿಯದೆ ಅದು ಅಲ್ಲೇ ನಿಂತಿತ್ತು. ದೇವರ ಮೇಲೆ ಸಿಟ್ಟು ಮಾಡುವುದು ಹೇಗೆ?

ಆಗ ಪರದೆ ಸರಿಸಿಕೊಂಡು ಜಸ್ಮೀನ ಹೊರಗೆ ಬಂದಳು. ಕರೆಯುವ ಮೊದಲು ಹುಡುಗಿ ಹೊರಗೆ ಬರಬಾರದು, ಬಂದರೂ ಮಾತಾಡಬಾರದು ಎಂದು ಮಹಾನಂದಾ ಬೆಳಗಿನಿಂದ ಕಲಿಸಿದ್ದೆಲ್ಲ ನೀರಲ್ಲಿ ಹೋಯಿತು. ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿ ಇತ್ತು.

"ಅಪ್ಪಾ, ನೀ ಹಿಡದ ಸೀಟಿನಾಗ ದೇವರು ಖರೇನ ಬಂದು ಕೂತಿದ್ದಾ ಅಂತ ತಿಳಿ. ಇವರು ಕಾಲು ನೋವು ತಗೊಂಡು ಎದುರಿಗಿ ನಿಂತಾರ. ಅವ ಏನು ಮಾಡ್ತಿದ್ದ ಹೇಳು."

ಅಣ್ಣಾರಾಯ ದೌಲತರಾಯರ ಮೊಣಕಾಲು ನೋಡಿದ.

"ಎದ್ದು ಜಾಗಾ ಕೊಡ್ತಿದ್ದ," ಎಂದಳು ಜಸ್ಮೀನ.

ಕುರ್ಚಿಯ ಮೇಲಿನ ಟವೆಲ್ ತೆಗೆದು ತಂದೆಯ ಹೆಗಲಿಗೆ ಹಾಕಿದಳು. ಕುರ್ಚಿಯನ್ನು ತಾನೇ ಎರಡೂ ಕೈಯಿಂದ ಎತ್ತಿ ಹೊಸ್ತಿಲಿಗೆ ಒಯ್ದು ಇಟ್ಟು, "ಕುಂಡ್ರಿ ಮಾವಾರ," ಎಂದಳು.

ಇನ್ನೂ ಹುಡುಗಿ ಒಪ್ಪಿಗೆಯಾಗಿಲ್ಲ, ಮಾತುಕತೆಯಾಗಿಲ್ಲ, ಒಂದು ಕಪ್ಪು ಚಾ ಕೂಡ ಆಗಿಲ್ಲ. ಆ ಮಾವಾರ ಎಂಬುದನ್ನು ಕೇಳಿ ಸುನೀಲಕುಮಾರ ಸ್ಟೂಲಿನ ಮೇಲೆ ಮತ್ತೆ ಕೂತ. ದೌಲತರಾಯರು ಕೈಯಲ್ಲಿದ್ದ ಚಪ್ಪಲಿ ಕೆಳಗೆ ಬಿಟ್ಟರು, ನಿಧಾನವಾಗಿ ಆ ಕುರ್ಚಿಯಲ್ಲಿ ಇಳಿದು, ಕಾಲು ಚಾಚಿ, ಕಲಬುರಗಿಯಿಂದ ಹಿಡಿದುಕೊಂಡು ಬಂದ ಉಸಿರನ್ನು ಬಿಟ್ಟರು. ಜಸ್ಮೀನ ಅಲ್ಲೇ ಮೊಣಕಾಲೂರಿ ಕೂತು ಬಾವು ಮುಟ್ಟಿ ನೋಡಿದಳು. "ಬಿಸಿ ನೀರು ತರ್ರಿ," ಎಂದು ಯಾರಿಗೆ ಹೇಳಿದಳೋ, ಅಡುಗೆಮನೆಗೆ ಓಡಿದವನು ಸುನೀಲಕುಮಾರ.

"ಏ ಸುಭದ್ರಾ," ಎಂದರು ದೌಲತರಾಯರು, "ಅಪ್ಪಗ ಅಕಲ್ ಇಲ್ಲ. ಮಗಳಿಗಿ ಭಾಳ ಅದ. ನಮಗ ಮಗಳೇ ಬೇಕಾದಾಕಿ."

"ರಿಶ್ತಾ ಪಕ್ಕಾ," ಎಂದು ಪ್ಯಾರಿಬಿ ತೀರ್ಪು ಕೊಟ್ಟು, ತನ್ನ ಕುರ್ಚಿ ಕೊನೆಗೂ ಕೆಲಸಕ್ಕೆ ಬಂತೆಂದು ಮೆತ್ತಗಾದ ಭಜಿಗೆ ಕೈಹಾಕಿದಳು. ಪಾಸ್ಟರು ಪ್ರಾರ್ಥನೆಯನ್ನು ಬಹಳ ಚಿಕ್ಕದಾಗಿ, ಯಾವ ದೃಷ್ಟಾಂತವೂ ಇಲ್ಲದೆ ಮಾಡಿ ಮುಗಿಸಿದರು. ಅಣ್ಣಾರಾಯ ಕಣ್ಣು ಮುಚ್ಚಿದವನು ಆಮೆನ್ ಆದ ಮೇಲೂ ತೆರೆಯಲಿಲ್ಲ. ಅವತ್ತು ಯಾವುದೋ ದೊಡ್ಡ ಮ್ಯಾಚು ಇತ್ತು. ಅದು ಅವನ ನೆನಪಿಗೇ ಬರಲಿಲ್ಲ.

ಸಂಜೆ ಬೀಗರನ್ನು ಕಳಿಸಲು ಅಣ್ಣಾರಾಯ ನಿಲ್ದಾಣಕ್ಕೆ ಹೋದ. ಕಲಬುರಗಿಯ ಬಸ್ಸು ಒಳಗೆ ಬರುತ್ತಲೇ ಎರಡು ಟವೆಲ್ ಒಗೆದ. ಎರಡೂ ಬಿದ್ದವು, ಕಿಟಕಿಯ ಸೀಟಿನಲ್ಲಿ ದೌಲತರಾಯರನ್ನು ಕೈಹಿಡಿದು ತಾನೇ ಕೂಡಿಸಿದ. ಸುಭದ್ರಾಬಾಯಿ ಪಕ್ಕದಲ್ಲಿ ಕೂತು, ಈ ಸಲ ದೂರ ಸರಿಯಲಿಲ್ಲ. ಬೆಳಗಿನ ಕಂಡಕ್ಟರ್ ಶಿವಕಾಂತಾಳೇ ಆ ಬಸ್ಸಿನಲ್ಲಿಯೂ ಇದ್ದಳು. ಇಳಿಯಲು ಹೊರಟ ಅಣ್ಣಾರಾಯನನ್ನು ಗುರುತು ಹಿಡಿದು ಬಾಗಿಲಲ್ಲಿ ತಡೆದಳು.

"ಯಜಮಾನ್ರ, ಮುಂಜಾನಿ ಒಬ್ಬರಿಗಿ ಟಿಕೇಟ ತಗೊಂಡಿದ್ರಲ್ಲ. ಕಡೀಗಿ ಅವರು ಬಂದ್ರೋ ಇಲ್ಲೊ?"

ಅಣ್ಣಾರಾಯ ತಿರುಗಿ ನೋಡಿದ. ದೌಲತರಾಯರು ಕಿಟಕಿಯ ಗಾಳಿಗೆ ಮುಖ ಕೊಟ್ಟು, ಕಾಲು ನೀಡಿ ಕೂತು ಅವನ ಕಡೆ ಕೈ ಬೀಸುತ್ತಿದ್ದರು.

"ಬಂದಿದ್ರ್ರಿ," ಎಂದ. "ಕಲಬುರಗಿಯಾಗೇ ಹತ್ತಿದ್ರು. ನಾನೇ ಗುರುತು ಹಿಡೀಲಾರದೆ ಆಳಂದ ತನಕ ನಿಂದ್ರಿಸಿಕೊಂಡು ಬಂದೇನಿ."

ಶಿವಕಾಂತಾ ಬಾಗಿಲು ಬಿಟ್ಟು ಸರಿದಳು.

"ಹೋಗ್ಲಿ ಬಿಡ್ರಿ, ಟಿಕೇಟಂತೂ ವೇಸ್ಟ್ ಆಗ್ಲಿಲ್ಲ," ಎಂದು ಸೀಟಿ ಊದಿದಳು.